ಮೊದಲ ರೆಸ್ಯೂಮೆ: ‘ಅನುಭವ’ದ ಕೆಳಗೆ ಏನು ಬರೆಯಬೇಕು?

ಬೇಸಿಗೆ ರಜೆಯಲ್ಲಿ ಕೆಲಸ ಮಾಡಬೇಕೆಂದು ಹೊರಟ ಹದಿಹರೆಯದವರ ಕೈಕಟ್ಟಿಹಾಕುವುದು ರೆಸ್ಯೂಮೆಯ ‘ಅನುಭವ’ ಎಂಬ ಭಾಗ. ಬರೆಯಲು ಏನೂ ಇಲ್ಲವೆಂದುಕೊಂಡ ಹಲವರು ಅಂತರ್ಜಾಲದಲ್ಲಿ ಸಿಕ್ಕ ನಮೂನೆಯನ್ನು ಇಳಿಸಿಕೊಂಡು ‘ಶ್ರಮಜೀವಿ, ಪ್ರಾಮಾಣಿಕ, ಎಲ್ಲರೊಂದಿಗೆ ಬೆರೆಯುವ ಸ್ವಭಾವ’ ಎಂದು ತುಂಬಿಬಿಡುತ್ತಾರೆ. ಈ ಮಾತುಗಳು ಎಲ್ಲರ ಅರ್ಜಿಯಲ್ಲೂ ಇರುವುದರಿಂದ ಓದುವವರ ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ. ಎಳೆಯರನ್ನು ಕೆಲಸಕ್ಕೆ ಕರೆಯುವವರು ದೊಡ್ಡ ಅನುಭವವನ್ನು ಹುಡುಕುವುದಿಲ್ಲ. ಹೊತ್ತಿಗೆ ಸರಿಯಾಗಿ ಬರುತ್ತಾರೆಯೇ, ಹೇಳಿದ್ದನ್ನು ಕೇಳಿಸಿಕೊಂಡು ಮಾಡುತ್ತಾರೆಯೇ, ಒಪ್ಪಿಕೊಂಡ ಕೆಲಸವನ್ನು ನಡುವೆ ಕೈಬಿಡದೆ ಮುಗಿಸುತ್ತಾರೆಯೇ ಎಂಬುದಷ್ಟೇ ಅವರಿಗೆ ಬೇಕು. ಅದಕ್ಕೆ ಪುರಾವೆ ನಿಮ್ಮ ಬಳಿ ಖಂಡಿತ ಇದೆ.

ಮೊದಲು ಪಟ್ಟಿ ಮಾಡಿ

ಕಂಪ್ಯೂಟರ್ ತೆರೆಯುವ ಮುನ್ನ ಖಾಲಿ ಹಾಳೆಯೊಂದನ್ನು ತೆಗೆದುಕೊಳ್ಳಿ. ಕಳೆದ ಎರಡು ಮೂರು ವರ್ಷಗಳಲ್ಲಿ ಯಾರು ಯಾರು ನಿಮ್ಮನ್ನು ನಂಬಿ ಯಾವ ಕೆಲಸ ಒಪ್ಪಿಸಿದ್ದರು ಎಂಬುದನ್ನು ನೆನಪಿಸಿಕೊಂಡು ಬರೆಯಿರಿ. ನೆರೆಮನೆಯ ಮಗುವನ್ನು ನೋಡಿಕೊಂಡದ್ದು, ಕ್ರೀಡಾ ತಂಡದ ಸಾಮಗ್ರಿಗಳ ಉಸ್ತುವಾರಿ ವಹಿಸಿದ್ದು, ಶಾಲೆಯ ಕಾರ್ಯಕ್ರಮಕ್ಕೆ ವೇದಿಕೆ ಜೋಡಿಸಿದ್ದು, ಅಜ್ಜಿಗೆ ಹೊತ್ತು ಹೊತ್ತಿಗೆ ಔಷಧಿ ಕೊಟ್ಟದ್ದು, ತಮ್ಮನಿಗೆ ಗಣಿತ ಹೇಳಿಕೊಟ್ಟದ್ದು, ಎಲ್ಲವೂ ಬರಲಿ. ಸಂಬಳ ಸಿಗಲಿಲ್ಲವೆಂಬ ಕಾರಣಕ್ಕೆ ಯಾವುದನ್ನೂ ಬಿಡಬೇಡಿ.

ಗುಣ ಬೇಡ, ಕೆಲಸ ಹೇಳಿ

ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿಗೆ. ‘ಶಾಲೆಯ ಗ್ರಂಥಾಲಯದಲ್ಲಿ ಸಹಾಯ ಮಾಡಿದ್ದೇನೆ’ ಎಂದು ಬರೆದಿದ್ದೀರಿ ಎಂದುಕೊಳ್ಳಿ. ಯಾವ ಸಹಾಯ, ಎಷ್ಟು ಕಾಲ, ಅದರಿಂದ ಏನಾಯಿತು ಎಂಬ ಮೂರು ಪ್ರಶ್ನೆಗಳನ್ನು ಆ ಸಾಲಿಗೆ ಕೇಳಿ. ಆಗ ಅದು ಹೀಗಾಗುತ್ತದೆ: ‘ಒಂದು ವರ್ಷ, ವಾರಕ್ಕೆ ಎರಡು ದಿನ, ಮರಳಿ ಬಂದ ಪುಸ್ತಕಗಳನ್ನು ಸಂಖ್ಯೆಯ ಪ್ರಕಾರ ಕಪಾಟಿಗೆ ಸೇರಿಸಿದೆ. ಅವಧಿ ಮೀರಿದ ಪುಸ್ತಕಗಳ ಪಟ್ಟಿಯನ್ನು ಪ್ರತಿ ಶುಕ್ರವಾರ ಗ್ರಂಥಪಾಲಕರಿಗೆ ಕೊಡುತ್ತಿದ್ದೆ.’ ‘ಶಿಸ್ತು’ ಎಂಬ ಪದ ಇಲ್ಲಿ ಎಲ್ಲೂ ಇಲ್ಲ, ಆದರೂ ಓದಿದವರಿಗೆ ಅದು ತಿಳಿಯುತ್ತದೆ. ಅಂಕಿಗಳನ್ನು ಮಾತ್ರ ಉಬ್ಬಿಸಬೇಡಿ. ಸಂದರ್ಶನದಲ್ಲಿ ಅದೇ ಸಾಲನ್ನು ಹಿಡಿದು ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತಾರೆ. ನಡೆದದ್ದನ್ನೇ ಬರೆದವರು ಅಲ್ಲಿ ತಡವರಿಸುವುದಿಲ್ಲ.

ಅವರಿಗೆ ಬೇಕಾದದ್ದು ಮೇಲಿರಲಿ

1480ರ ದಶಕದ ಆರಂಭದಲ್ಲಿ ಲಿಯೊನಾರ್ಡೊ ಡ ವಿಂಚಿ ಮಿಲಾನ್ ನಗರವನ್ನು ಆಳುತ್ತಿದ್ದ ಲುಡೊವಿಕೊ ಸ್ಫೋರ್ಜಾನಲ್ಲಿ ಕೆಲಸ ಕೇಳಲು ಸಿದ್ಧಪಡಿಸಿದ ಪತ್ರವೊಂದರ ಕರಡು ಇಂದಿಗೂ ಉಳಿದಿದೆ. ಸೇತುವೆ, ಫಿರಂಗಿ, ಮುತ್ತಿಗೆಯ ಸಾಧನಗಳ ವಿವರವೆಲ್ಲ ಮುಗಿದ ಮೇಲೆ, ಕೊನೆಯಲ್ಲಷ್ಟೇ, ಚಿತ್ರ ಬರೆಯಬಲ್ಲೆ ಎಂಬ ಮಾತು ಬರುತ್ತದೆ. ದೊರೆಗೆ ಯಾವುದು ಮುಖ್ಯ ಎಂಬುದನ್ನು ನೋಡಿ ಹೊಂದಿಸಿದ ಕ್ರಮ ಅದು. ನೀವೂ ಉದ್ಯೋಗದ ಜಾಹೀರಾತನ್ನು ಎರಡು ಬಾರಿ ಓದಿ, ಅದರಲ್ಲಿ ಕೇಳಿದ ಅಂಶಗಳಿಗೆ ಗೆರೆ ಎಳೆಯಿರಿ. ಗ್ರಾಹಕರೊಂದಿಗೆ ಮಾತನಾಡುವ ಕೆಲಸವಾದರೆ ಕಾರ್ಯಕ್ರಮದಲ್ಲಿ ಅತಿಥಿಗಳನ್ನು ಸ್ವಾಗತಿಸಿದ್ದು ಮೊದಲು ಬರಲಿ, ಮಕ್ಕಳ ಶಿಬಿರವಾದರೆ ತಮ್ಮನಿಗೆ ಕಲಿಸಿದ್ದು. ಎಲ್ಲ ಕಡೆಗೂ ಒಂದೇ ಪ್ರತಿಯನ್ನು ಕಳಿಸಬೇಡಿ.

ಹಾಳೆಯ ಜೋಡಣೆ

ಒಂದು ಪುಟ ಸಾಕು. ಮೇಲೆ ಹೆಸರು, ಫೋನ್ ಸಂಖ್ಯೆ, ಇ-ಮೇಲ್ ವಿಳಾಸ. ಅಡ್ಡಹೆಸರಿನ ಇ-ಮೇಲ್ ಇದ್ದರೆ ನಿಮ್ಮ ಹೆಸರಿನಲ್ಲೇ ಹೊಸದೊಂದನ್ನು ತೆರೆಯಿರಿ. ಬಳಿಕ ಓದು, ಅನುಭವ, ಕೌಶಲ, ಗೊತ್ತಿರುವ ಭಾಷೆಗಳು. ಪ್ರತಿ ಭಾಗದಲ್ಲೂ ಇತ್ತೀಚಿನದು ಮೊದಲು ಬರಲಿ. ಯಾವ ದಿನದಿಂದ ಯಾವ ದಿನದವರೆಗೆ, ದಿನದ ಯಾವ ಹೊತ್ತಿನಲ್ಲಿ ಕೆಲಸಕ್ಕೆ ಬರಬಲ್ಲಿರಿ ಎಂಬ ಸಾಲನ್ನು ಬಹಳ ಮಂದಿ ಮರೆಯುತ್ತಾರೆ. ರಜೆಯ ಕೆಲಸದ ಮಟ್ಟಿಗೆ ಕೆಲಸ ಕೊಡುವವರು ಮೊದಲು ನೋಡುವ ವಿಷಯಗಳಲ್ಲಿ ಅದೂ ಒಂದು. ಅಕ್ಷರಗಳ ಗಾತ್ರ 11 ಅಥವಾ 12 ಇರಲಿ, ಬಣ್ಣ, ಅಲಂಕಾರ ಬೇಡ.

ಗುರುತಿನ ಚೀಟಿಯ ಸಂಖ್ಯೆ, ಬ್ಯಾಂಕ್ ಖಾತೆಯ ವಿವರಗಳನ್ನು ರೆಸ್ಯೂಮೆಯಲ್ಲಿ ಎಂದಿಗೂ ಬರೆಯಬೇಡಿ. ಕೆಲಸಕ್ಕೆ ಸೇರಿಸಿಕೊಳ್ಳಲು ಹಣ ಕಟ್ಟಿ ಎನ್ನುವವರ ಸಹವಾಸವೇ ಬೇಡ. ವಯಸ್ಸಿನ ನಿಯಮವನ್ನೂ ಹಿರಿಯರೊಂದಿಗೆ ಕುಳಿತು ನೋಡಿಕೊಳ್ಳಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1973ರ ಒಪ್ಪಂದದಂತೆ ಅಪಾಯಕಾರಿ ಕೆಲಸಗಳಿಗೆ ಸಾಮಾನ್ಯ ಕನಿಷ್ಠ ವಯಸ್ಸು 18. ಉಳಿದ ಕೆಲಸಗಳಿಗೆ ಒಂದೊಂದು ದೇಶದಲ್ಲಿ ಒಂದೊಂದು ಮಿತಿ ಇದೆ.

ನಿಮ್ಮ ಬಗ್ಗೆ ಹೇಳಬಲ್ಲ ಇಬ್ಬರ ಹೆಸರನ್ನು ಕೇಳಿದ್ದರೆ ಶಿಕ್ಷಕರನ್ನೋ ತರಬೇತುದಾರರನ್ನೋ ಸೂಚಿಸಿ. ಮೊದಲು ಅವರ ಒಪ್ಪಿಗೆ ಪಡೆಯಿರಿ, ಯಾವ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೀರಿ ಎಂಬುದನ್ನೂ ತಿಳಿಸಿ. ಮುನ್ಸೂಚನೆ ಇಲ್ಲದೆ ಫೋನ್ ಬಂದರೆ ನಿಮ್ಮ ಮೇಲೆ ಪ್ರೀತಿ ಇರುವವರೂ ಮಾತಿಗೆ ತಡಕಾಡುತ್ತಾರೆ.

ಕಳಿಸುವ ಮುನ್ನ

ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಗಟ್ಟಿಯಾಗಿ ಓದಿ. ಆಮೇಲೆ ಬೇರೆಯವರಿಂದ ಓದಿಸಿ. ಫೋನ್ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಪರೀಕ್ಷಿಸಿ. ಕಡತವನ್ನು ಪಿಡಿಎಫ್ ರೂಪದಲ್ಲಿ ನಿಮ್ಮ ಹೆಸರಿನಲ್ಲೇ ಉಳಿಸಿ, ಎರಡು ಮೂರು ಸಾಲಿನ ವಿನಯದ ಪತ್ರದೊಂದಿಗೆ ಕಳಿಸಿ. ವಾರ ಕಳೆದರೂ ಉತ್ತರ ಬಾರದಿದ್ದರೆ ಅವರಿಗೆ ಬಿಡುವಿರುವ ಹೊತ್ತು ನೋಡಿ ಫೋನ್ ಮಾಡಿ. ಅಪ್ಪ ಅಮ್ಮನಿಂದ ಮಾಡಿಸಬೇಡಿ, ನೀವೇ ಮಾತನಾಡಿ. ಹೆಸರು, ಯಾವ ಕೆಲಸಕ್ಕೆ ಯಾವ ದಿನ ಅರ್ಜಿ ಕಳಿಸಿದ್ದೀರಿ ಎಂಬುದನ್ನು ಹೇಳಿ, ಅದು ತಲುಪಿದೆಯೇ ಎಂದು ಕೇಳಿದರೆ ಸಾಕು.