ಹಬ್ಬದ ಊಟಕ್ಕೆ ಮೊರಾಕ್ಕೊದ ಗಾಜಿನ ಲೋಟಗಳು: ಆಯ್ಕೆ, ಜೋಡಣೆ, ಮಳೆಗಾಲದ ಜೋಪಾನ

ಕೈಯಿಂದ ಊದಿ ಮಾಡಿದ ಗಾಜಿಗೆ ಲೋಹದ ಕೆತ್ತನೆಯ ಪಟ್ಟಿಯನ್ನೋ ಜಾಲರಿಯನ್ನೋ ತೊಡಿಸುವ ಮೊರಾಕ್ಕೊ ದೇಶದ ಕುಶಲಕಲೆ ಈಗ ಆನ್‌ಲೈನ್ ಮಳಿಗೆಗಳ ಮೂಲಕ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಮನೆಗಳಿಗೂ ಬಂದು ತಲುಪಬಲ್ಲದು. ಹೀಗೆ ಬಂದ ಲೋಟಗಳು ಶೋಕೇಸಿನಲ್ಲೇ ಉಳಿದುಬಿಟ್ಟರೆ ಅದು ಬೇಸರದ ಸಂಗತಿ, ಏಕೆಂದರೆ ಇವು ಮನೆಗೆ ಬಂದವರ ಕೈಗೆ ಕೊಡಲೆಂದೇ ಹುಟ್ಟಿದ ವಸ್ತುಗಳು. ದೀಪಾವಳಿ, ಯುಗಾದಿ, ರಂಜಾನ್ ಅಥವಾ ಮನೆಯ ಯಾವುದೇ ಸಂಭ್ರಮದ ಊಟದಲ್ಲಿ ಇವನ್ನು ಅಂದವಾಗಿಯೂ ಅಪಾಯವಿಲ್ಲದೆಯೂ ಬಳಸಬಹುದು. ಅದಕ್ಕೆ ಬೇಕಾದದ್ದು ಒಂದೇ ಶಿಸ್ತು: ಯಾವ ಪಾತ್ರೆ ಕುಡಿಯಲಿಕ್ಕೆ, ಯಾವುದು ದೀಪಕ್ಕೆ, ಯಾವುದು ಪನ್ನೀರಿಗೆ ಎಂಬುದನ್ನು ಕೊಳ್ಳುವ ಮೊದಲೇ ತೀರ್ಮಾನಿಸಿಕೊಳ್ಳುವುದು. ಉಳಿದ ನಿರ್ಧಾರಗಳೆಲ್ಲ ಈ ಒಂದರಿಂದ ತಾವಾಗಿಯೇ ಹೊರಡುತ್ತವೆ.

ಈ ಲೋಟದ ಆಕಾರಕ್ಕೆ ಕಾರಣ ಚಹಾ. 1853ರಿಂದ 1856ರವರೆಗೆ ನಡೆದ ಕ್ರಿಮಿಯಾ ಯುದ್ಧದಿಂದಾಗಿ ತಮ್ಮ ಮಾರುಕಟ್ಟೆಯನ್ನು ಕಳೆದುಕೊಂಡ ಬ್ರಿಟಿಷ್ ವರ್ತಕರು ಚೀನಾದ ಹಸಿರು ಚಹಾವನ್ನು ಮೊರಾಕ್ಕೊದ ಬಂದರುಗಳಿಗೆ ತಂದು ಸುರಿದರು. ಅಲ್ಲಿಯ ಜನ ಅದಕ್ಕೆ ಪುದೀನ ಸೊಪ್ಪನ್ನೂ ಧಾರಾಳ ಸಕ್ಕರೆಯನ್ನೂ ಸೇರಿಸಿ ತಮ್ಮದಾಗಿಸಿಕೊಂಡರು. ಚಹಾವನ್ನು ಎತ್ತರದಿಂದ ಸುರಿದು ಮೇಲೆ ನೊರೆ ಕಟ್ಟಿಸುವುದು ಅಲ್ಲಿಯ ಪದ್ಧತಿಯಾದ್ದರಿಂದ ಲೋಟ ಚಿಕ್ಕದಾಗಿದ್ದು, ಒಳಗಿನ ಬಣ್ಣ ಹೊರಗೆ ಕಾಣುವಂತಿರುತ್ತದೆ. ಹಿಡಿ ಇರುವುದಿಲ್ಲ, ಅಂಚಿನವರೆಗೆ ತುಂಬುವ ರೂಢಿಯೂ ಇಲ್ಲ. ಲೋಹದ ಕೆಲಸಕ್ಕೆ ಫೆಸ್ ನಗರದ ಸೆಫ್ಫರೀನ್ ಚೌಕ ಪ್ರಸಿದ್ಧ, ಅಲ್ಲಿ ತಾಮ್ರ ಹಿತ್ತಾಳೆಗಳನ್ನು ತಟ್ಟುವ ಸದ್ದು ಇಂದಿಗೂ ನಿಂತಿಲ್ಲ. ಮರಾಕೆಶ್‌ನಲ್ಲಿಯೂ ತಗಡಿನ ಕೆಲಸದವರ ಹೆಸರನ್ನೇ ಹೊತ್ತ ಒಂದು ಚೌಕವಿದ್ದು, ಜಾಲರಿಯ ಲಾಂದ್ರಗಳಿಗೆ ಅದು ಹೆಸರಾಗಿದೆ.

ಕೊಳ್ಳುವಾಗ ಗಾಜನ್ನೂ ಲೋಹವನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಊದಿ ಮಾಡಿದ ಗಾಜಿನಲ್ಲಿ ಸಣ್ಣ ಗುಳ್ಳೆಗಳಿರುತ್ತವೆ, ಗೋಡೆಯ ದಪ್ಪ ಎಲ್ಲ ಕಡೆಯೂ ಒಂದೇ ಸಮನಾಗಿರುವುದಿಲ್ಲ, ತಳದ ನಡುವೆ ಊದುಗೊಳವೆಯಿಂದಲೋ ಸರಳಿನಿಂದಲೋ ಬಿಡಿಸಿದ ಗುರುತು ಉಳಿದಿರುತ್ತದೆ. ಮರುಬಳಕೆಯ ಗಾಜಿನಿಂದ ಮಾಡುವ ಬೆಲ್ದಿ ಎಂಬ ಬಗೆಯಲ್ಲಿ ಗಾಜಿಗೆ ನಸುಹಸಿರು ಛಾಯೆಯೂ ಇರುತ್ತದೆ. ಇವು ದೋಷಗಳಲ್ಲ. ಆದರೆ ಗುಳ್ಳೆ ಒಡೆದು ಅಂಚಿನಲ್ಲಿ ಚೂಪಾಗಿದ್ದರೆ, ಅಥವಾ ಉಗುರಿಗೆ ಸಿಕ್ಕುವಂಥ ಕೂದಲೆಳೆಯ ಬಿರುಕು ಇದ್ದರೆ ಅಂಥದ್ದನ್ನು ಬಿಟ್ಟುಬಿಡಬೇಕು. ಎರಡು ಬದಿಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ನೇರವಾದ ಗೆರೆ ಕಂಡರೆ ಅದು ಅಚ್ಚಿನಲ್ಲಿ ಮಾಡಿದ ಗಾಜಿರಬಹುದು. ಬಳಕೆಗೆ ಅದರಿಂದ ತೊಂದರೆಯಿಲ್ಲ, ಬೆಲೆ ಮಾತ್ರ ಕಡಿಮೆಯಾಗಿರಬೇಕು.

ಲೋಹದ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಬೆಳ್ಳಿಯ ಬಣ್ಣದ ಜಾಲರಿ ಹೆಚ್ಚಾಗಿ ಬೆಳ್ಳಿಯಲ್ಲ, ನಮ್ಮಲ್ಲಿ ಪೂಜಾಸಾಮಗ್ರಿಯ ಅಂಗಡಿಗಳಲ್ಲಿ ಜರ್ಮನ್ ಸಿಲ್ವರ್ ಎಂದು ಮಾರುವ ಲೋಹವೇ ಅಲ್ಲಿಯೂ ಬಳಕೆಯಲ್ಲಿದೆ. ಅದರಲ್ಲಿರುವುದು ತಾಮ್ರ, ನಿಕಲ್ ಮತ್ತು ಸತು, ಬೆಳ್ಳಿಯ ಅಂಶ ಸ್ವಲ್ಪವೂ ಇಲ್ಲ. ನಿಕಲ್ ತಗುಲಿದರೆ ಚರ್ಮ ತುರಿಸುವ ತೊಂದರೆ ಕೆಲವರಿಗೆ ಇರುವುದರಿಂದ ಅಂಥವರಿಗೆ ಹಿತ್ತಾಳೆಯ ಪಟ್ಟಿಯಿರುವ ಲೋಟವನ್ನೋ ಬರಿಯ ಗಾಜಿನ ಲೋಟವನ್ನೋ ಕೊಡುವುದು ಲೇಸು. ಮನೆಯಲ್ಲಿರುವ ಚಿಕ್ಕ ಅಯಸ್ಕಾಂತವೊಂದು ಈ ಪರೀಕ್ಷೆಗೆ ಬಹಳ ಉಪಯುಕ್ತ: ತಾಮ್ರಕ್ಕಾಗಲಿ, ಹಿತ್ತಾಳೆಗಾಗಲಿ, ಜರ್ಮನ್ ಸಿಲ್ವರ್‌ಗಾಗಲಿ ಅದು ಅಂಟುವುದಿಲ್ಲ, ಅಂಟಿತೆಂದರೆ ಒಳಗಿರುವುದು ಬಣ್ಣದ ಲೇಪ ಕೊಟ್ಟ ಕಬ್ಬಿಣದ ತಗಡು, ಮಲೆನಾಡಿನ ಒಂದು ಮಳೆಗಾಲದೊಳಗೇ ಅದರ ಮೂಲೆಗಳಲ್ಲಿ ತುಕ್ಕು ಕಾಣಿಸಿಕೊಳ್ಳುವ ಸಂಭವವಿದೆ. ಕೈಕೆತ್ತನೆಯನ್ನು ಗುರುತಿಸಲು ಪಟ್ಟಿಯ ಸುತ್ತ ಒಂದೇ ಚಿತ್ತಾರವನ್ನು ಅನುಸರಿಸಿ ನೋಡಬೇಕು. ಎಂಟು ಮೂಲೆಯ ನಕ್ಷತ್ರವೋ ಬಳ್ಳಿಯೋ ಪ್ರತಿ ಬಾರಿಯೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂದಿದ್ದರೆ ಅದು ಯಂತ್ರದ ಅಚ್ಚು. ಗೆರೆಯ ಆಳ ಅಲ್ಲಲ್ಲಿ ಬದಲಾಗುತ್ತಿದ್ದರೆ ಅದರ ಹಿಂದೆ ಒಬ್ಬ ಮನುಷ್ಯನ ಉಳಿ ಇದೆ.

ಕುಡಿಯುವ ಲೋಟಕ್ಕೆ ಇನ್ನೊಂದು ನಿಯಮವುಂಟು, ಅದನ್ನು ನಾನು ಸಡಿಲಿಸಲಾರೆ. ಗಾಜಿನ ಹೊರಮೈಯ ಬಣ್ಣ ಮತ್ತು ಚಿನ್ನದ ಗೆರೆಗಳಲ್ಲಿ ಸೀಸ ಅಥವಾ ಕ್ಯಾಡ್ಮಿಯಂ ಇರುವ ಸಾಧ್ಯತೆಯಿರುವುದರಿಂದ, ತುಟಿ ತಾಗುವ ಅಂಚಿನಿಂದ ಕೆಳಗೆ 20 ಮಿಲಿಮೀಟರ್‌ವರೆಗೆ ಬಣ್ಣವೂ ಲೋಹವೂ ಇಲ್ಲದ ಬರಿಯ ಗಾಜು ಇರಬೇಕು. ಅಂಚಿನವರೆಗೂ ಬಣ್ಣ ಬಂದಿರುವ ಲೋಟ ಎಷ್ಟೇ ಚೆಲುವಾಗಿದ್ದರೂ ಅದನ್ನು ದೀಪದ ಗುಂಪಿಗೆ ಸೇರಿಸಬೇಕು. ನಮ್ಮ ಹಲವು ಮನೆಗಳಲ್ಲಿ ಲೋಟವನ್ನು ಎಂಜಲು ಮಾಡದೆ ಎತ್ತಿ ಕುಡಿಯುವ ಅಭ್ಯಾಸವಿರುವುದರಿಂದ ಅಂಚಿನ ಆಕಾರವೂ ಮುಖ್ಯವಾಗುತ್ತದೆ. ದಪ್ಪವಾದ, ದುಂಡನೆಯ ಅಂಚಿನಿಂದ ನೀರು ಗೋಡೆಗುಂಟ ಜಾರಿ ಮೈಮೇಲೆ ಬೀಳುತ್ತದೆ. ತೆಳುವಾಗಿ ಸ್ವಲ್ಪ ಹೊರಕ್ಕೆ ಬಾಗಿದ ಅಂಚಿನಿಂದ ಧಾರೆ ನೇರವಾಗಿ ಇಳಿಯುತ್ತದೆ. ಮನೆಯ ಹಿರಿಯರಿಗಾಗಿ ಕೊಳ್ಳುವುದಾದರೆ ಈ ಎರಡನೆಯ ಬಗೆಯನ್ನೇ ಹುಡುಕಬೇಕು.

ಜೋಡಣೆಯ ಮಾತಿಗೆ ಬಂದರೆ, ಬಾಳೆಎಲೆಯ ಊಟದ ನಡುವೆ ಈ ಲೋಟಗಳನ್ನು ಇಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪಂಕ್ತಿಯಲ್ಲಿ ಬಡಿಸುವವರು ಬಾಗಿ ಬಾಗಿ ನಡೆಯುತ್ತಾರೆ, ಸಾರಿನ ಬಕೆಟ್ಟು ತಾಗಿದರೆ ಕಿರುತಳದ ಲೋಟ ಉರುಳುತ್ತದೆ, ಒಡೆದ ಚೂರು ಅನ್ನದೊಳಗೆ ಸೇರಿದರೆ ಗೊತ್ತೇ ಆಗುವುದಿಲ್ಲ. ಊಟದ ನೀರಿಗೆ ಎಂದಿನ ಸ್ಟೀಲಿನ ಅಥವಾ ತಾಮ್ರದ ಲೋಟವೇ ಇರಲಿ. ಮೊರಾಕ್ಕೊದ ಲೋಟಗಳಿಗೆ ಎರಡು ಸೊಗಸಾದ ಹೊತ್ತುಗಳಿವೆ. ಮೊದಲನೆಯದು, ಬಂದವರಿಗೆ ಕೈಕಾಲು ತೊಳೆಯಲು ನೀರು ಕೊಟ್ಟು, ಬೆಲ್ಲ ನೀರು ಅಥವಾ ಪಾನಕ ಕೊಡುವ ಹೊತ್ತು. ಎರಡನೆಯದು, ಊಟ ಮುಗಿದು ಎಲೆ ತೆಗೆದ ಮೇಲೆ ಜಗಲಿಯಲ್ಲೋ ಮೇಜಿನ ಸುತ್ತಲೋ ಕೂತು ಕಷಾಯವನ್ನೋ ಪುದೀನ ಚಹಾವನ್ನೋ ಕುಡಿಯುವ ಹೊತ್ತು. ಮೇಜಿನ ಮೇಲೆಯೇ ಎಲೆ ಹಾಕಿ ನಾಲ್ಕಾರು ಜನ ಮಾತ್ರ ಕೂರುವ ಊಟವಾದರೆ, ಎಲೆಯ ಮೇಲ್ತುದಿಯ ಆಚೆ, ಎಡಗೈಗೆ ಎಟಕುವಂತೆ ಒಂದೊಂದು ಲೋಟ ಇಡಬಹುದು. ಬಲಗೈ ಊಟದಲ್ಲಿರುವುದರಿಂದ ಎಣ್ಣೆ ತುಪ್ಪದ ಬೆರಳು ಕೆತ್ತನೆಗೆ ತಾಗದೆ ಉಳಿಯುತ್ತದೆ.

ಕೆತ್ತನೆಯ ಲೋಹಕ್ಕೆ ಸುತ್ತ ಖಾಲಿ ಜಾಗ ಬೇಕು. ಒಂದು ದೊಡ್ಡ ಹಿತ್ತಾಳೆಯ ಹರಿವಾಣದಲ್ಲಿ ಆರು ಲೋಟಗಳನ್ನು ಒಂದಕ್ಕೊಂದು ತಾಗದಂತೆ ಇಟ್ಟು, ನಡುವೆ ಚಹಾದ ಪಾತ್ರೆಯೊಂದನ್ನೇ ಇಟ್ಟರೆ ಸಾಕು, ಹೂವನ್ನೂ ಹಣ್ಣನ್ನೂ ಅದರೊಳಗೆ ತುಂಬುವುದು ಬೇಡ. ಹರಿವಾಣದ ಕೆಳಗೆ ಒಂದೇ ಬಣ್ಣದ ಹತ್ತಿಯ ಬಟ್ಟೆ ಚೆನ್ನ. ಜರಿಯ ಸೀರೆಯನ್ನು ಹಾಸಿದರೆ ಜರಿಯೂ ಜಾಲರಿಯೂ ಒಂದರೊಡನೊಂದು ಜಗಳಕ್ಕಿಳಿಯುತ್ತವೆ. ಪಾನೀಯದ ಬಣ್ಣವನ್ನು ನೋಡಿ ಗಾಜನ್ನು ಆರಿಸಬೇಕು. ಮುರುಗಲಿನ ಶರಬತ್ತಿನ ಕೆಂಪು ಬಣ್ಣ ಬಿಳಿಯ ಗಾಜಿನಲ್ಲಿ ಬೆಳಗುತ್ತದೆ, ನೀಲಿ ಗಾಜಿನಲ್ಲಿ ಮಸಿಯಂತೆ ಕಾಣುತ್ತದೆ. ಜೇನುಬಣ್ಣದ ಗಾಜು ಬೆಲ್ಲದ ಪಾನಕಕ್ಕೂ ನಸುಹಸಿರು ಗಾಜು ಪುದೀನ ಚಹಾಕ್ಕೂ ಒಪ್ಪುತ್ತದೆ. ಮಜ್ಜಿಗೆ, ತಂಬುಳಿ, ಹಾಲಿನ ಕಷಾಯಗಳಿಗೆ ಬಣ್ಣದ ಗಾಜು ಯಾವುದೂ ಹೊಂದುವುದಿಲ್ಲ. ಹುಳಿಯಿರುವ ಯಾವುದೇ ಪಾನೀಯ ಗಾಜಿನ ಒಳಗಷ್ಟೇ ಇರಬೇಕು. ಕಲಾಯಿ ಹಾಕದ ಹಿತ್ತಾಳೆಯಲ್ಲಿ ಹುಳಿ ಇಡಬಾರದೆಂದು ನಮ್ಮ ಅಡುಗೆಮನೆಗಳು ತಿಳಿದಿರುವ ಮಾತೇ ಇಲ್ಲಿಗೂ ಸಲ್ಲುತ್ತದೆ.

ಬಿಸಿ ಮತ್ತು ತಣ್ಣನೆಯ ವಿಷಯದಲ್ಲಿ ಕಾರಣವನ್ನು ತಿಳಿದುಕೊಂಡರೆ ನಿಯಮ ಮರೆಯುವುದಿಲ್ಲ. ಒಂದೇ ಪ್ರಮಾಣದ ಬಿಸಿಗೆ ಹಿತ್ತಾಳೆಯು ಸಾಮಾನ್ಯ ಗಾಜಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ತಣ್ಣಗಾದಾಗ ಅಷ್ಟೇ ಹೆಚ್ಚಾಗಿ ಕುಗ್ಗುತ್ತದೆ. ಆದ್ದರಿಂದ ಲೋಟವನ್ನು ಫ್ರಿಜ್‌ನಲ್ಲಿಟ್ಟರೆ ಲೋಹದ ಪಟ್ಟಿ ಗಾಜಿಗಿಂತ ಬೇಗ ಬಿಗಿದು ಅದನ್ನು ಹಿಂಡುತ್ತದೆ. ಕುದಿಯುವ ಚಹಾವನ್ನು ಒಮ್ಮೆಲೇ ಸುರಿದರೆ ಒಳಗಿನ ಗಾಜು ಹಿಗ್ಗಿದರೂ ಹೊರಗಿನ ಲೋಹ ಇನ್ನೂ ತಣ್ಣಗೇ ಇರುವುದರಿಂದ ಅಲ್ಲಿಯೂ ಅದೇ ಒತ್ತಡ ಬೀಳುತ್ತದೆ. ಪಾನಕವನ್ನು ಬೇರೆ ಪಾತ್ರೆಯಲ್ಲಿ ತಂಪು ಮಾಡಿ ಬಡಿಸುವ ಮುನ್ನ ಲೋಟಕ್ಕೆ ಹಾಕಬೇಕು. ಬಿಸಿ ಪಾನೀಯಕ್ಕೆ ಮೊದಲು ಉಗುರುಬೆಚ್ಚಗಿನ ನೀರನ್ನು ಹಾಕಿ ಒಂದು ನಿಮಿಷ ಬಿಟ್ಟು ಚೆಲ್ಲಿ, ಬಳಿಕ ಕುದಿ ಇಳಿದ ಚಹಾವನ್ನು ಮುಕ್ಕಾಲು ಭಾಗ ಮಾತ್ರ ತುಂಬಬೇಕು. ಮೇಲಿನ ಕಾಲುಭಾಗ ಖಾಲಿಯಿದ್ದರೆ ಹಿಡಿಯಿಲ್ಲದ ಲೋಟವನ್ನು ಅಂಚಿನಲ್ಲಿ ಹಿಡಿಯಲು ಬೆರಳಿಗೆ ಜಾಗ ಸಿಗುತ್ತದೆ. ಮೈಕ್ರೋವೇವ್‌ನಲ್ಲಿ ಲೋಹವಿರುವ ಇಂಥ ಯಾವುದನ್ನೂ ಇಡಲೇಬಾರದು.

ದೀಪದ ಗುಂಪಿನ ಲೋಟಗಳು ದೀಪಾವಳಿಯ ರಾತ್ರಿ ತಮ್ಮ ಪೂರ್ಣ ಸೌಂದರ್ಯವನ್ನು ತೋರುತ್ತವೆ. ಲೋಟದ ಅರ್ಧದವರೆಗೆ ನೀರು ತುಂಬಿ, ಮೇಲೆ ಒಂದು ಬೆರಳಿನಷ್ಟು ಎಳ್ಳೆಣ್ಣೆ ಹಾಕಿ, ತೇಲುವ ಬತ್ತಿಯನ್ನು ಹಚ್ಚಿದರೆ ತಳದ ಗಾಜು ಕಾಯುವುದಿಲ್ಲ. ಎಣ್ಣೆ ಮುಗಿದೊಡನೆ ಬತ್ತಿ ನೀರಿಗೆ ತಾಗಿ ನಂದಿಹೋಗುತ್ತದೆ. ಜ್ವಾಲೆ ಗೋಡೆಯಿಂದ ಎರಡು ಬೆರಳು ದೂರವಿರುವಷ್ಟು ಅಗಲದ ಲೋಟವನ್ನೇ ಇದಕ್ಕೆ ಆರಿಸಬೇಕು. ಜಾಲರಿಯ ನೆರಳು ಗೋಡೆಯ ಮೇಲೆ ಮೂಡಬೇಕಾದರೆ ಮೇಲಿನ ವಿದ್ಯುದ್ದೀಪವನ್ನು ಆರಿಸಿ, ಲೋಟವನ್ನು ಸುಣ್ಣ ಬಳಿದ ಗೋಡೆಯಿಂದ ಒಂದು ಗೇಣು ದೂರದಲ್ಲಿಡಬೇಕು. ಹೆಚ್ಚು ದೂರವಾದಷ್ಟೂ ನೆರಳಿನ ಅಂಚು ಮಸುಕಾಗುತ್ತದೆ. ಹಬ್ಬದ ಅಲಂಕಾರಕ್ಕೆ ಕಟ್ಟಿದ ಅಡಕೆಯ ಸಿಂಗಾರ, ಒಣಗಿದ ಸೋಗೆ, ಕಾಗದದ ತೋರಣ ಇವು ಬೇಗ ಹೊತ್ತಿಕೊಳ್ಳುವ ವಸ್ತುಗಳು, ದೀಪದ ಲೋಟ ಇವುಗಳ ಕೆಳಗಾಗಲಿ ಪಕ್ಕದಲ್ಲಾಗಲಿ ಇರಕೂಡದು.

ಪನ್ನೀರಿನ ಪಾತ್ರೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮದುವೆಮನೆಯ ಬಾಗಿಲಲ್ಲಿ ನಾವು ಪನ್ನೀರುದಾನಿ ಹಿಡಿಯುವಂತೆ ಮೊರಾಕ್ಕೊದಲ್ಲಿಯೂ ಉದ್ದ ಕೊರಳಿನ ಲೋಹದ ದಾನಿಯಿಂದ ಅತಿಥಿಗಳ ಮೇಲೆ ಕಿತ್ತಳೆ ಹೂವಿನ ನೀರನ್ನು ಚಿಮುಕಿಸುತ್ತಾರೆ. ಎರಡು ದಾನಿಗಳನ್ನೂ ಒಂದೇ ತಟ್ಟೆಯಲ್ಲಿ ಅಕ್ಕಪಕ್ಕ ಇಟ್ಟರೆ ನೋಡಲು ಬಹಳ ಚೆನ್ನ.

ಆಮದಾದ ದೀಪದ ಲೋಟಕ್ಕೆ ದುಬಾರಿ ಬೆಲೆ ಕೊಡಲು ಮನಸ್ಸಿಲ್ಲದವರು ಮನೆಯಲ್ಲಿರುವ ಸಾದಾ ಲೋಟಕ್ಕೆ ತಾಮ್ರದ ಪಟ್ಟಿಯನ್ನು ತಾವೇ ಮಾಡಿಕೊಳ್ಳಬಹುದು. ಕರಕುಶಲ ಸಾಮಗ್ರಿಯಾಗಿ ಸಿಗುವ, ಕತ್ತರಿಯಿಂದ ಕತ್ತರಿಸಬಹುದಾದಷ್ಟು ತೆಳುವಾದ ತಾಮ್ರದ ಹಾಳೆ ಇದಕ್ಕೆ ಸಾಕು. ಲೋಟದ ಸುತ್ತಳತೆಯನ್ನು ದಾರದಿಂದ ಅಳೆದು, ಅದಕ್ಕೆ ಒಂದು ಸೆಂಟಿಮೀಟರ್ ಸೇರಿಸಿ ಪಟ್ಟಿಯನ್ನು ಕತ್ತರಿಸಬೇಕು. ಮೇಲಿನ ಕೆಳಗಿನ ಅಂಚುಗಳನ್ನು ಮೂರು ಮಿಲಿಮೀಟರ್‌ನಷ್ಟು ಒಳಕ್ಕೆ ಮಡಚಿದರೆ ಕೈ ಕೊಯ್ಯುವುದಿಲ್ಲ. ಒಂದು ಚೌಕ ಬರೆದು ಅದರ ಮೇಲೆ ಅಷ್ಟೇ ಅಳತೆಯ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ ಬರೆದರೆ ಎಂಟು ಮೂಲೆಯ ನಕ್ಷತ್ರ ಸಿದ್ಧವಾಗುತ್ತದೆ. ಹಾಳೆಯನ್ನು ಹಳೆಯ ರಬ್ಬರ್ ಚಾಪೆಯ ಮೇಲೆ ಬೋರಲಾಗಿಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಎಳೆದರೆ ಗೆರೆ ಮುಂಬದಿಯಲ್ಲಿ ಉಬ್ಬಿ ಬರುತ್ತದೆ. ಬೆಳಕು ತೂರಬೇಕಾದ ಕಡೆ ಹಲಗೆಯ ಮೇಲಿಟ್ಟು ಸಣ್ಣ ಮೊಳೆಯಿಂದ ತೂತು ಹೊಡೆಯಬೇಕು. ಕೊನೆಗೆ ಪಟ್ಟಿಯ ಎರಡು ತುದಿಗಳನ್ನು ಗೋಂದಿನಿಂದ ಅಂಟಿಸದೆ ತಾಮ್ರದ ತಂತಿಯಿಂದ ಹೊಲಿದು, ಗಾಜಿಗೂ ಲೋಹಕ್ಕೂ ನಡುವೆ ದಪ್ಪ ಕಾಗದವೊಂದು ತೂರುವಷ್ಟು ಸಡಿಲ ಬಿಡಬೇಕು. ಹೀಗೆ ಮಾಡಿದ ಪಟ್ಟಿಯನ್ನು ಬಿಚ್ಚಿ ತೊಳೆಯಬಹುದು ಎಂಬುದು ದೊಡ್ಡ ಅನುಕೂಲ.

ತೊಳೆಯುವಾಗ ಆಗುವ ಹಾನಿಗೆ ಮುಖ್ಯ ಕಾರಣ ನೆನೆಹಾಕುವುದು. ಗಾಜಿಗೂ ಲೋಹಕ್ಕೂ ನಡುವೆ ಸೇರಿದ ನೀರು ಹೊರಬರದೆ ನಿಂತು ಅಲ್ಲಿ ಹಸಿರು ಕಿಲುಬು ಕಟ್ಟುತ್ತದೆ, ಅಂಟಿಸಿದ ಪಟ್ಟಿಯಾದರೆ ಅಂಟೂ ಬಿಡುತ್ತದೆ. ಒಳಗಡೆಯನ್ನು ಉಗುರುಬೆಚ್ಚಗಿನ ನೀರು ಮತ್ತು ಮೃದುವಾದ ಸಾಬೂನಿನಿಂದ ತೊಳೆದು, ಹೊರಗಡೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಜಾಲರಿಯ ಸಂದುಗಳಿಗೆ ಮೆದು ಬ್ರಷ್ ಬಳಸಬೇಕು. ಹುಣಸೆಹಣ್ಣಿನಿಂದ ತಿಕ್ಕುವುದು ಲೇಪವಿಲ್ಲದ ಬರಿಯ ಹಿತ್ತಾಳೆಗೆ, ತಾಮ್ರಕ್ಕೆ, ಅದೂ ಗಾಜಿನಿಂದ ಬಿಚ್ಚಿಕೊಂಡ ಪಟ್ಟಿಗೆ ಮಾತ್ರ ಸರಿ. ಚಿನ್ನದ ಗೆರೆ, ಬೆಳ್ಳಿಯ ಲೇಪಗಳಿಗೆ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಯಾವುದೂ ತಾಗಬಾರದು.

ಮರಾಕೆಶ್‌ನಲ್ಲಿ ಇಡೀ ವರ್ಷ ಬೀಳುವ ಮಳೆ 300 ಮಿಲಿಮೀಟರ್‌ಗಿಂತ ಕಡಿಮೆ. ಆಗುಂಬೆಯಲ್ಲಿ ಅಷ್ಟು ಮಳೆ ಆಷಾಢದ ಕೆಲವೇ ದಿನಗಳಲ್ಲಿ ಸುರಿದುಬಿಡುತ್ತದೆ. ಒಣಹವೆಯ ನಾಡಿನ ಲೋಹ ನಮ್ಮ ತೇವಕ್ಕೆ ಬೇಗ ಕಪ್ಪಾಗುವುದು ಸಹಜ. ಮುಂಗಾರಿಗೆ ಮೊದಲೇ, ಬಿಸಿಲಿರುವ ದಿನವೊಂದರಲ್ಲಿ ಲೋಟಗಳನ್ನು ಪೂರ್ಣ ಒಣಗಿಸಿ, ಒಗೆದು ಒಣಗಿಸಿದ ಹಳೆಯ ಹತ್ತಿಪಂಚೆಯ ತುಂಡಿನಲ್ಲಿ ಒಂದೊಂದನ್ನೂ ಬೇರೆಯಾಗಿ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಬೇಕು. ಉಣ್ಣೆಯ ಬಟ್ಟೆಯಲ್ಲಿಯೂ ರಬ್ಬರ್‌ಬ್ಯಾಂಡಿನಲ್ಲಿಯೂ ಇರುವ ಗಂಧಕ ಬೆಳ್ಳಿಯ ಲೇಪವನ್ನು ಕಪ್ಪಾಗಿಸುವುದರಿಂದ ಅವೆರಡನ್ನೂ ದೂರವಿಡಬೇಕು. ಸೌದೆ ಒಲೆಯ ಹೊಗೆ ಸೇರುವ ಅಟ್ಟ ಇವುಗಳಿಗೆ ತಕ್ಕ ಜಾಗವಲ್ಲ. ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಡಬ್ಬಿ ತೆರೆದು, ಪೊಟ್ಟಣಗಳು ತೇವ ಹೀರಿದ್ದರೆ ಬದಲಿಸಿ, ಬಟ್ಟೆಯನ್ನು ಬಿಸಿಲಿಗೆ ಹಿಡಿದು ಮತ್ತೆ ಸುತ್ತಿಟ್ಟರೆ ದೀಪಾವಳಿಯ ಹೊತ್ತಿಗೆ ಮೆದು ಬಟ್ಟೆಯಿಂದ ಒರೆಸುವುದಷ್ಟೇ ಉಳಿಯುತ್ತದೆ.