ನಾರ್ವೆಗೆ ಹೊರಟ ಕಲಬುರಗಿ ಮಂದಿ ಏನು ತಿನ್ನಬೇಕು?

ಜೋಳದ ರೊಟ್ಟಿ, ಶೇಂಗಾ ಹಿಂಡಿ ಬ್ಯಾಗಿಗೆ ಹಾಕಿಕೊಳ್ಳಿ, ಬೇಡ ಅನ್ನಲ್ಲ. ಆದರೆ ಅಷ್ಟು ದೂರ ಹೋಗಿ ಬರೀ ಅದನ್ನೇ ತಿಂದು ಬರಬೇಡಿ. ಮೊದಲು ಫೋರಿಕೋಲ್ ಕೇಳಿ. ಮೂಳೆ ಸಮೇತ ಕುರಿ ಮಾಂಸ, ಎಲೆಕೋಸು, ಇಡೀ ಕಾಳುಮೆಣಸು, ಉಪ್ಪು, ಇಷ್ಟನ್ನೇ ಪದರ ಪದರವಾಗಿ ಹಾಕಿ, ನೀರು ಬಿಟ್ಟು, ಸಣ್ಣ ಉರಿಯಲ್ಲಿ ಎರಡು ತಾಸಿಗೂ ಜಾಸ್ತಿ ಬೇಯಿಸುತ್ತಾರೆ. ಸೆಪ್ಟೆಂಬರ್ ಕೊನೆಯ ಗುರುವಾರ ಇದರದ್ದೇ ದಿನ. ತಹರಿ ತಿಂದ ನಾಲಿಗೆಗೆ ಸಪ್ಪೆ ಅನಿಸುತ್ತದೆ, ಖಾರದ ಪುಡಿ ಜೇಬಲ್ಲಿರಲಿ.

ಬ್ರೂನುಸ್ತ್ ಅಂದರೆ ಕಂದು ಚೀಸ್. ಹಾಲೊಡಕನ್ನು ಕುದಿಸಿ ಕುದಿಸಿ ಮಾಡಿದ್ದು, ಸಿಹಿ, ಖೋವಾ ನೆನಪಾಗುತ್ತದೆ ಅಲ್ವಾ ಅಂತೀರಿ. ತೆಳ್ಳಗೆ ಹೆರೆದು ಬಿಸಿ ವಾಫಲ್ ಮೇಲೆ ಹಾಕಿ ತಿನ್ನಿ.

ಲೂಟೆಫಿಸ್ಕ್ ಮಾತ್ರ ಸುಮ್ನೆ ಆರ್ಡರ್ ಮಾಡಬೇಡಿ. ಒಣ ಮೀನನ್ನು ಕ್ಷಾರದ ನೀರಲ್ಲಿ ನೆನೆಸಿ, ತೊಳೆದು ಬೇಯಿಸಿದ್ದು, ಲೋಳೆ ಲೋಳೆ. ಪಕ್ಕದವರ ತಟ್ಟೆಯಿಂದ ಒಂದು ತುತ್ತು ಸಾಕು.