ಗ್ಲೈಡರ್ ರೆಕ್ಕೆ ಮಾಡುವುದು ಹೇಗೆ: ಸ್ಪಾರ್ ವಿಷಯದಲ್ಲಿ ಜಿಪುಣತನ ಬೇಡ

ರಿಮೋಟಿನಲ್ಲಿ ಹಾರಿಸುವ ಮಾದರಿ ಗ್ಲೈಡರ್ ಬಂಜಿ (ರಬ್ಬರ್) ಹಗ್ಗದಿಂದ ಚಿಮ್ಮಿ ಇನ್ನೂ ಮೇಲೇರುತ್ತಿರುವಾಗಲೇ ಎರಡೂ ರೆಕ್ಕೆ ಚಪ್ಪಾಳೆ ತಟ್ಟಿದ ಹಾಗೆ ಮಡಚಿಕೊಂಡು ಬೀಳುವುದನ್ನು ನೋಡಿ ನೋಡಿ ಸಾಕಾಗಿದೆ. ಬಿದ್ದ ಮೇಲೆ ಎಲ್ಲರದೂ ಒಂದೇ ಮಾತು, ಗಾಳಿ ಜಾಸ್ತಿ ಇತ್ತು ಅಂತ. ಗಾಳಿಯದ್ದೇನೂ ತಪ್ಪಿಲ್ಲ. ಮುರಿದ ರೆಕ್ಕೆ ಎತ್ತಿ ನೋಡಿ, ಸ್ಪಾರ್ (ರೆಕ್ಕೆಯ ಉದ್ದಕ್ಕೂ ಇರುವ ಬೆನ್ನೆಲುಬು) ಅಂತ ಫೋಮ್ ನಡುವೆ ಒಂದೇ ಒಂದು ಕಾರ್ಬನ್ ಕಡ್ಡಿ ತೂರಿಸಿರುತ್ತಾರೆ.

ಇಲ್ಲಿ ಹೇಳುವ ಅಳತೆ ಮೊದಲ ಸಲ ಮಾಡುವವರಿಗೆ: ತುದಿಯಿಂದ ತುದಿಗೆ 1.5 ಮೀಟರ್, ಅಗಲ 18 ಸೆಂ.ಮೀ. ಏರ್‌ಫಾಯಿಲ್‌ಗೆ ಎಸ್‌ಡಿ7037 ಎಂಬ ವಿನ್ಯಾಸ ಹಾಕಿಕೊಳ್ಳಿ (ಏರ್‌ಫಾಯಿಲ್ ಅಂದರೆ ರೆಕ್ಕೆಯನ್ನು ಅಡ್ಡ ಕೊಯ್ದಾಗ ಕಾಣುವ ಆಕಾರ). ಅದರ ದಪ್ಪ ಅಗಲದ ಶೇ 9ರಷ್ಟು, ಅಂದರೆ ಇಲ್ಲಿ ಸುಮಾರು 16 ಮಿ.ಮೀ.

ಹಂತ 1. ಕತ್ತರಿಸುವುದು. ಇದು ಸುಲಭ. ಏರ್‌ಫಾಯಿಲ್ ಆಕಾರದ ಎರಡು ಟೆಂಪ್ಲೇಟ್ ಬೇಕು, ಬಡಗಿ ಹತ್ತಿರ ಉಳಿದ ಸನ್‌ಮೈಕಾ ಚೂರು ಕೇಳಿದರೆ ಸುಮ್ನೆ ಕೊಡ್ತಾರೆ. ಕರೆಂಟಿನಲ್ಲಿ ಬಿಸಿಯಾಗಿ ಫೋಮ್ ಕತ್ತರಿಸುವ ನೈಕ್ರೋಮ್ ತಂತಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ತಂತಿ ಕೆಂಪಗಾಗುವಷ್ಟು ಕಾಯಿಸಬೇಡಿ. ಹೊಗೆ ಒಳ್ಳೆಯದಲ್ಲ, ಕೆಲಸ ಟೆರೇಸ್ ಮೇಲೆ ಮಾಡಿ. ಟಿವಿ ಡಬ್ಬದಲ್ಲಿ ಬರುವ ಬಿಳಿ ಥರ್ಮಾಕೋಲ್ ಬೇಡವೇ ಬೇಡ, ಉಜ್ಜಿದರೆ ಕಾಳು ಕಾಳಾಗಿ ಕಿತ್ತು ಬರುತ್ತದೆ. ಕಟ್ಟಡದ ಛಾವಣಿಗೆ ಹಾಕುವ ಎಕ್ಸ್‌ಪಿಎಸ್ ಫೋಮ್ ಶೀಟ್ ತನ್ನಿ. ಕತ್ತರಿಸಿದ ಮೇಲೆ ಮೇಲೊಂದು ಕೆಳಗೊಂದು ಸಿಪ್ಪೆ ಉಳಿಯುತ್ತಲ್ಲ, ಅದನ್ನು ಎಸೆಯಬೇಡಿ. ಮುಂದಿನ ಕೆಲಸವೆಲ್ಲ ಆ ಸಿಪ್ಪೆಯಲ್ಲೇ ಮಲಗಿಸಿ ಮಾಡುವುದು.

ಹಂತ 2. ಸ್ಪಾರ್. ಇಲ್ಲಿ ನಿಧಾನ ಮಾಡಿ.

ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ. ಆಗ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಹಿಗ್ಗುತ್ತದೆ, ಸರಿಯಾಗಿ ನಡುವೆ ಇರುವ ಪದರಕ್ಕೆ ಎರಡೂ ಇಲ್ಲ. ನಮ್ಮ ಜನ ದುಬಾರಿ ಕಾರ್ಬನ್ ಕಡ್ಡಿಯನ್ನು ತೂರಿಸುವುದು ಆ ಕೆಲಸವಿಲ್ಲದ ಜಾಗಕ್ಕೇ. ಅದರ ಬದಲು 3 ಮಿ.ಮೀ. ಅಗಲ, 1 ಮಿ.ಮೀ. ದಪ್ಪದ ಎರಡು ಕಾರ್ಬನ್ ಪಟ್ಟಿ ತೆಗೆದುಕೊಂಡು ಒಂದನ್ನು ಮೇಲ್ಮೈಗೆ, ಇನ್ನೊಂದನ್ನು ಕೆಳಮೈಗೆ ತನ್ನಿ. ಪಟ್ಟಿಗಳ ನಡುವಿನ ಅಂತರ ಎರಡು ಪಟ್ಟಾದರೆ ಬಿಗಿ ನಾಲ್ಕು ಪಟ್ಟಾಗುತ್ತದೆ, ತೂಕ ಅಷ್ಟೇ ಇರುತ್ತದೆ.

ಕೊಳ್ಳುವಾಗ ಒಂದು ಎಚ್ಚರ. ಕಪ್ಪಗಿರುವುದೆಲ್ಲ ಕಾರ್ಬನ್ ಅಲ್ಲ, ಕಪ್ಪು ಬಣ್ಣ ಬಳಿದ ಫೈಬರ್‌ಗ್ಲಾಸನ್ನೂ ಅದೇ ಹೆಸರಲ್ಲಿ ಮಾರುತ್ತಾರೆ. ಎರಡೂ ತುದಿ ಸ್ವಲ್ಪ ಉಜ್ಜಿ ಮಲ್ಟಿಮೀಟರ್ ಇಡಿ. ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ, ಫೈಬರ್‌ಗ್ಲಾಸಿನಲ್ಲಿ ಹರಿಯುವುದಿಲ್ಲ. ಇದೇ ಕಾರಣಕ್ಕೆ ರಿಮೋಟಿನ ಸಂಕೇತ ಹಿಡಿಯುವ ರಿಸೀವರ್ ಆಂಟೆನಾವನ್ನು ಕಾರ್ಬನ್ ಪಕ್ಕ ಮಲಗಿಸಬಾರದು.

ಎರಡು ಪಟ್ಟಿ ಇಟ್ಟರೂ ಕೆಲಸ ಮುಗಿಯಲಿಲ್ಲ. ಬರೀ ಫೋಮ್ ಅವನ್ನು ದೂರ ದೂರ ಹಿಡಿದಿಡಲಾರದು. ಮೇಲಿನ ಪಟ್ಟಿ ಸೊಟ್ಟಗಾಗಿ ಫೋಮಿನೊಳಗೆ ಕುಸಿದ ಕೂಡಲೇ ರೆಕ್ಕೆ ಹೋಯಿತು ಅಂತಲೇ ಲೆಕ್ಕ. ಆದ್ದರಿಂದ ನಡುವೆ 3 ಮಿ.ಮೀ. ಬಾಲ್ಸಾದ (ಬಹಳ ಹಗುರವಾದ ಮರ) ಗೋಡೆ ನಿಲ್ಲಿಸಬೇಕು, ಅದರ ಎಳೆ ನೆಟ್ಟಗೆ ಮೇಲಿಂದ ಕೆಳಕ್ಕೆ ಇರಬೇಕು. ಬಹಳ ಜನ ಎಡವುವುದು ಇಲ್ಲೇ. ಬಾಲ್ಸಾ ಹಾಳೆಯನ್ನು ಉದ್ದುದ್ದ ಸೀಳಿದರೆ ಒಂದೇ ತುಂಡಿನಲ್ಲಿ ಗೋಡೆ ಸಿಗುತ್ತದೆ ನಿಜ, ಆದರೆ ಎಳೆ ಅಡ್ಡ ಮಲಗಿರುತ್ತದೆ, ಒತ್ತಡ ಬಿದ್ದಾಗ ಎಳೆಗುಂಟ ಸೀಳಿಹೋಗುತ್ತದೆ. ಹಾಳೆಯನ್ನು ಎಳೆಗೆ ಅಡ್ಡಲಾಗಿ 14 ಮಿ.ಮೀ.ಗೊಂದರಂತೆ ಕತ್ತರಿಸಿ. 10 ಸೆಂ.ಮೀ. ಅಗಲದ ಹಾಳೆಯಾದರೆ 10 ಸೆಂ.ಮೀ. ಉದ್ದದ ತುಂಡುಗಳು ಬರುತ್ತವೆ. ಒಂದು ಬದಿಗೆ ಐದು ತುಂಡು ಸಾಲಾಗಿ ಜೋಡಿಸಿದರೆ ಬುಡದಿಂದ ಅರ್ಧ ಮೀಟರ್ ಆಯಿತು. ಅಲ್ಲಿಂದ ತುದಿಯವರೆಗೆ ಅದೇ ಎತ್ತರದ ಫೋಮ್ ಪಟ್ಟಿ ಸಾಕು, ತುದಿಯಲ್ಲಿ ತೂಕ ಹಾಕಿದಷ್ಟೂ ಗ್ಲೈಡರ್ ತಿರುಗಲು ಸೋಮಾರಿಯಾಗುತ್ತದೆ.

ಅಂಟಿಸುವ ಮೊದಲು ಕಾರ್ಬನ್ನಿನ ಹೊಳಪು ಹೋಗುವಂತೆ 240ರ ಎಮರಿ ಕಾಗದವನ್ನು ಒದ್ದೆ ಮಾಡಿ ಉಜ್ಜಿ, ಸ್ಪಿರಿಟ್ಟಿನಿಂದ ಒರೆಸಿ. ಒಣಗಿದ್ದಾಗ ಉಜ್ಜಿದರೆ ಪುಡಿ ಎದ್ದು ಶ್ವಾಸಕ್ಕೆ ಹೋಗುತ್ತದೆ. ಅಂಟಿಗೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯೇ ಇರಲಿ. ಐದು ನಿಮಿಷದ್ದು ತಂದರೆ ಕೊನೆಯ ತುಂಡು ಇಡುವಷ್ಟರಲ್ಲಿ ಮೊದಲನೆಯದು ಕಲ್ಲಾಗಿರುತ್ತದೆ. ಸೂಪರ್ ಗ್ಲೂ ಫೋಮನ್ನು ಕರಗಿಸಿಬಿಡುತ್ತದೆ, ಹತ್ತಿರಕ್ಕೂ ತರಬೇಡಿ. ಪಟ್ಟಿ, ಗೋಡೆ, ಪಟ್ಟಿ, ಮೂರನ್ನೂ ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ ಪ್ಲಾಸ್ಟಿಕ್ ಹಾಸಿ ಜೋಡಿಸಿ, ರಾತ್ರಿಯಿಡೀ ಹಾಗೇ ಬಿಡಿ. (ಕಟ್ಟೆ ಬೆಳಿಗ್ಗೆವರೆಗೆ ಸಿಗುವುದಿಲ್ಲ ಅಂತ ಮನೆಯವರಿಗೆ ಮೊದಲೇ ಹೇಳಿಬಿಡಿ.)

ಮಾರನೇ ದಿನ ಎರಡೂ ಬದಿಯ ಸ್ಪಾರನ್ನು ನಡುವೆ ಸೇರಿಸುವುದು. ಪ್ರತಿ ಬದಿ 3 ಡಿಗ್ರಿ ಏರಬೇಕು, ಅಂದರೆ ತುದಿ ಸುಮಾರು 4 ಸೆಂ.ಮೀ. ಮೇಲೆ. ಇದು ಏಲರಾನ್ (ರೆಕ್ಕೆಯ ಹಿಂಬದಿ ಅಂಚಿನಲ್ಲಿ ಆಡುವ ಪಟ್ಟಿ) ಇರುವ ರೆಕ್ಕೆಯ ಲೆಕ್ಕ, ಬರೀ ರಡರ್ (ಬಾಲದ ಚುಕ್ಕಾಣಿ) ಇದ್ದರೆ ಇನ್ನೂ ಜಾಸ್ತಿ ಬೇಕು. ಸೇರುವಲ್ಲಿ ಹಿಂದೆ ಮುಂದೆ 1.5 ಮಿ.ಮೀ. ಪ್ಲೈವುಡ್ ಕೊಟ್ಟು, ಎರಡೂ ಕಡೆ 10 ಸೆಂ.ಮೀ. ಚಾಚಿರಲಿ. ಅದರ ಮೇಲೆ ಗಟ್ಟಿ ದಾರ ಒತ್ತೊತ್ತಾಗಿ ಸುತ್ತಿ, ದಾರಕ್ಕೆ ಎಪಾಕ್ಸಿ ಕುಡಿಸಿ. ಕೆವ್ಲಾರ್ ದಾರ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಚಪ್ಪಲಿ ಹೊಲಿಯುವ ನೈಲಾನ್ ದಾರವೂ ನಡೆಯುತ್ತದೆ.

ಈಗ ಫೋಮನ್ನು ಮುಂಬದಿ ಅಂಚಿನಿಂದ 5 ಸೆಂ.ಮೀ. ಹಿಂದೆ ಉದ್ದಕ್ಕೂ ಸೀಳಿ, ಸ್ಪಾರ್ ದಪ್ಪದಷ್ಟು ಜಾಗ ತೆಗೆದು, ನಡುವೆ ಸ್ಪಾರ್ ಇಟ್ಟು ಅಂಟಿಸಿ. ಸಿಪ್ಪೆಯಲ್ಲಿ ಮಲಗಿಸಿ ಮೇಲೆ ಭಾರ ಹೇರಿ. ಸರ್ವೋ (ಏಲರಾನ್ ಆಡಿಸುವ ಪುಟ್ಟ ಮೋಟಾರ್) ವೈರ್ ಈಗಲೇ ಹಾಕಿಬಿಡಿ. ಸೀಳುವ ಬದಲು ಸೋಲ್ಡರಿಂಗ್ ಐರನ್ನಿನಲ್ಲಿ ಕಾಲುವೆ ಕೊರೆಯುವ ಅಡ್ಡದಾರಿಯೊಂದಿದೆ. ಅದರಲ್ಲಿ ಗುಂಡಿ ತುಂಬಲು ಹೋಗುವ ಎಪಾಕ್ಸಿಯ ತೂಕವೇ ಸ್ಪಾರಿಗಿಂತ ಜಾಸ್ತಿಯಾಗುತ್ತದೆ.

ಬೆಂಗಳೂರಿನಲ್ಲಿ ತೂಕದ ಲೆಕ್ಕ ಇನ್ನೂ ಬಿಗಿ. ನಾವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದೇವೆ, ಗಾಳಿ ಶೇ 8–9ರಷ್ಟು ತೆಳು. ಅದೇ ಗ್ಲೈಡರ್ ಚೆನ್ನೈಗಿಂತ ಇಲ್ಲಿ ಸ್ವಲ್ಪ ಜೋರಾಗಿಯೇ ಇಳಿಯುತ್ತದೆ.

ಹಂತ 3. ಏಲರಾನ್ ಕತ್ತರಿಸಿ, ಟೇಪಿನಲ್ಲಿ ಹಿಂಜ್ ಮಾಡಿ, 9 ಗ್ರಾಂ ಸರ್ವೋ ಕೂರಿಸಿ. ಅಷ್ಟೇ.

ಹಂತ 4. ಹೊದಿಕೆ. ನನ್ನ ಆಯ್ಕೆ ಬಣ್ಣದ ಪ್ಯಾಕಿಂಗ್ ಟೇಪ್. ಇಸ್ತ್ರಿ ಹಚ್ಚುವ ಫಿಲ್ಮ್ ಚೆಂದ ಕಾಣುತ್ತದೆ, ಆದರೆ ಬಿಸಿ ಸ್ವಲ್ಪ ಜಾಸ್ತಿಯಾದರೂ ಫೋಮ್ ಗುಳಿ ಬೀಳುತ್ತದೆ. ಟೇಪನ್ನು ಎಳೆದು ಅಂಟಿಸಬೇಡಿ, ಎಳೆದ ಕಡೆಗೆ ರೆಕ್ಕೆ ತಿರುಚುತ್ತದೆ. ತುದಿಯಲ್ಲಿ ಹಿಂಬದಿ ಅಂಚಿನ ಕೆಳಗೆ 3 ಮಿ.ಮೀ. ಬಾಲ್ಸಾ ಚೂರು ಇಟ್ಟುಕೊಂಡು ಹೊದಿಸಿದರೆ ಎರಡೂ ತುದಿ ಒಂದು ಡಿಗ್ರಿ ಮೇಲೆ ತಿರುಗಿ ನಿಲ್ಲುತ್ತವೆ. ನಿಧಾನವಾಗಿ ಹಾರುವಾಗ ಒಂದು ರೆಕ್ಕೆ ಕುಸಿದು ಗಿರಕಿ ಹೊಡೆಯುವುದನ್ನು ಇದು ತಡೆಯುತ್ತದೆ. ಎಡಬಲ ಸಮ ಇರಲಿ, ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಗೊತ್ತಾಗುತ್ತದೆ.

ಮೈದಾನಕ್ಕೆ ಹೋಗುವ ಮುಂಚೆ ಮನೆಯಲ್ಲೇ ಪರೀಕ್ಷೆ ಮಾಡಿ. ಎರಡು ಕುರ್ಚಿ ಮೇಲೆ ಬಟ್ಟೆ ಹಾಸಿ ರೆಕ್ಕೆಯ ಎರಡು ತುದಿಗಳನ್ನಷ್ಟೇ ಇಟ್ಟು, ಅರ್ಧ ಲೀಟರಿನ ಎರಡು ನಂದಿನಿ ಪ್ಯಾಕೆಟ್ ನಡುವೆ ಇಡಿ. ತುದಿಯಲ್ಲಿ ಆಧಾರ ಕೊಟ್ಟಾಗ ನಡುವಿನ ಒಂದು ಕೆಜಿ, ಗಾಳಿಯಲ್ಲಿ ಇಡೀ ರೆಕ್ಕೆಗೆ ಹರಡಿದ ಎರಡು ಕೆಜಿಗೆ ಸಮ. ನಾಲ್ಕು ಪ್ಯಾಕೆಟ್ ಹೊತ್ತರೆ 600 ಗ್ರಾಂ ಗ್ಲೈಡರ್ ತನ್ನ ತೂಕದ ಆರು ಪಟ್ಟಿಗಿಂತ ಹೆಚ್ಚು ತಡೆಯುತ್ತದೆ ಅಂತಾಯಿತು. ಚಟ್ ಅಂತ ಸದ್ದು ಬಂದರೆ ಟೇಪ್ ಬಿಚ್ಚಿ ನೋಡಿ, ಸಾಮಾನ್ಯವಾಗಿ ಗೋಡೆಯಿಂದ ಪಟ್ಟಿ ಎದ್ದಿರುತ್ತದೆ.

ಮೊದಲ ಹಾರಾಟಕ್ಕೆ ಸ್ಪಾರ್ ಕೆಳಗೆ ಬೆರಳಿಟ್ಟು ಎತ್ತಿದಾಗ ಗ್ಲೈಡರ್ ಸಮವಾಗಿ ನಿಲ್ಲುವಂತೆ ಬ್ಯಾಟರಿ ಹಿಂದೆ ಮುಂದೆ ಮಾಡಿಕೊಳ್ಳಿ. 2021ರ ಡ್ರೋನ್ ನಿಯಮಗಳು ನಮ್ಮ ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. ಯಲಹಂಕ, ಜಕ್ಕೂರು, ಎಚ್‌ಎಎಲ್, ದೇವನಹಳ್ಳಿ ಹೀಗೆ ವಿಮಾನ ನಿಲ್ದಾಣಗಳೇ ಸುತ್ತಲೂ ಇರುವ ಊರು ಬೆಂಗಳೂರು, ಜಾಗ ಆರಿಸುವ ಮೊದಲು ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ಆಷಾಢದ ಗಾಳಿ ಹೊಸ ರೆಕ್ಕೆಗೆ ಬೇಡ. ಗಾಳಿ ಏಳುವ ಮುಂಚೆ, ಬೆಳಿಗ್ಗೆ ಏಳರೊಳಗೆ, ಹುಲ್ಲಿರುವ ಕಡೆ ಕೈಯಿಂದ ಎಸೆದು ನೋಡಿ. ಬಂಜಿ ಆ ದಿನ ಮನೆಯಲ್ಲೇ ಇರಲಿ.